ಬಾವಾಜಿಯ ಕೋಲು, ಮುತ್ತನ ತೋಳು

ಗಂಗೊಳ್ಳಿಯ ಮುತ್ತ ಮೊಗವೀರನ ಮನೆಯಲ್ಲಿ ಒಂದು ಕ್ರಮವಿತ್ತು. ಮಾರುವ ಬುಟ್ಟಿಯ ಮೀನು ಒಲೆ ಏರಬಾರದು. ಸಾರಿನ ಮೀನು ಮನೆಯ ಗಂಡಸಿನ ಕೈಯಿಂದಲೇ ಬರಬೇಕು. ಬೋಟಿನಿಂದ ಇಳಿದವನು ತನ್ನ ಪಾಲಿನ ಜೊತೆಗೆ ಒಂದು ಹಿಡಿ ಮೀನನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಕೊಂಡು ಬಂದು ಬಾವಿಕಟ್ಟೆಯ ಮೇಲೆ ಇಟ್ಟರೆ, ಅದು ಊಟದ ಮೀನು. ಹೆಂಗಸು ತಲೆಯ ಮೇಲೆ ಹೊತ್ತು ತರುವುದು ವ್ಯಾಪಾರದ ಮೀನು. ಎರಡೂ ಬೆರೆಯಕೂಡದು. ಈ ಕ್ರಮವನ್ನು ಹಾಕಿದವಳು ಮುತ್ತನ ತಾಯಿ ಅಕ್ಕು. ಬುಟ್ಟಿಗೆ ಒಮ್ಮೆ ಕೈ ಹಾಕಿದರೆ ಮತ್ತೆ ಕೈ ತೆಗೆಯಲಾಗುವುದಿಲ್ಲ ಎಂಬುದು ಆಕೆಯ ವಾದ. ಆಕೆ ತೀರಿಕೊಂಡು ವರ್ಷಗಳಾದರೂ ಸೊಸೆ ಜಲಜ ಆ ಮಾತನ್ನು ಮೀರಿರಲಿಲ್ಲ. ಮೀರಬೇಕಾದ ಸಂದರ್ಭವೂ ಬಂದಿರಲಿಲ್ಲ. ಮುತ್ತ ಚಿಕ್ಕಂದಿನಲ್ಲಿ ದಡದಿಂದ ಎಳೆಯುವ ಕೈರಂಪಣಿ ಬಲೆಯ ಹಗ್ಗ ಎಳೆದವನು. ಸಾವಿರದ ಒಂಬೈನೂರ ತೊಂಬತ್ತೇಳರಿಂದ, ಮೀನಿನ ಹಿಂಡನ್ನು ಸುತ್ತಿ ಹಿಡಿಯುವ ರಾಣಿ ಬಲೆಯ ಬೋಟಿನಲ್ಲಿ ದುಡಿದವನು. ಅವನು ಬರಿಗೈಯಲ್ಲಿ ಮನೆಗೆ ಬಂದ ದಿನಗಳು ಬಹಳ ಕಡಿಮೆ.

ಎರಡು ಸಾವಿರದ ಐದನೆಯ ಇಸವಿಯಲ್ಲಿ ಬಲೆ ಎಳೆಯುವಾಗ ಹಗ್ಗ ತುಂಡಾಗಿ, ಅದರ ತುದಿ ಮುತ್ತನ ಬಲಭುಜಕ್ಕೆ ಬಡಿಯಿತು. ಮೂಳೆ ಕೂಡಿತು, ತೋಳು ಮಾತ್ರ ಭುಜದಿಂದ ಮೇಲಕ್ಕೆ ಏಳದಾಯಿತು. ಅಂಗಿ ತೊಡುವುದಕ್ಕೂ ಜಲಜ ಬೇಕಾಯಿತು. ಬೋಟಿನ ಕೆಲಸ ಅಲ್ಲಿಗೆ ಮುಗಿಯಿತು. ಬಂದರಿನ ಮಾಡಿನಡಿಯಲ್ಲಿ ಕುಳಿತು ಹರಿದ ಬಲೆ ಹೆಣೆಯುವ ಕೆಲಸ ಸಿಕ್ಕಿತು. ಆದರೆ ಬಲೆ ಹೆಣೆಯುವವನಿಗೆ ಸಿಗುವುದು ಕೂಲಿ, ಮೀನಲ್ಲ. ಹಳೆಯ ಗೆಳೆಯರು ದಾಕ್ಷಿಣ್ಯಕ್ಕೆ ನಾಲ್ಕು ಬಂಗುಡೆಯೋ ಬೈಗಿಯೋ ಕೊಡಲು ಬಂದರೆ ಮುತ್ತ ಬೇಡವೆನ್ನುತ್ತಿದ್ದ. ಹಿಡಿದು ತಂದ ಮೀನಿಗೂ ಕನಿಕರದ ಮೀನಿಗೂ ರುಚಿ ಒಂದೇ ಎಂದು ಅವನಿಗೆ ಅನ್ನಿಸುತ್ತಿರಲಿಲ್ಲ.

ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಮನೆಯಲ್ಲಿ ಬಸಳೆ, ಸೌತೆಕಾಯಿ, ಹಳೆಯ ಒಣಮೀನು, ಮತ್ತೆ ಬಸಳೆ. ಜಲಜ ಬೆಳಗ್ಗೆ ಬಂದರಿನಲ್ಲಿ ಮೀನು ಕೊಂಡು, ಬಸ್ಸು ಹತ್ತಿ ಹೆಮ್ಮಾಡಿಗೆ ಹೋಗಿ, ಮನೆಮನೆ ತಿರುಗಿ ಮಾರಿ, ಮಧ್ಯಾಹ್ನದ ಬಿಸಿಲಿನಲ್ಲಿ ಮರಳುತ್ತಿದ್ದಳು. ಮೈತುಂಬ ಮೀನಿನ ವಾಸನೆ, ಬಟ್ಟಲಿನಲ್ಲಿ ಬಸಳೆ. ಮಳೆ ಹಿಂದೆಗೆದ ಒಂದು ಸಂಜೆ ಆಕೆ ಗಂಡನೆದುರು ಕುಳಿತು ಕಾಲು ನೀವಿಕೊಳ್ಳುತ್ತ ಹೇಳಿದಳು.

"ಹ್ವಾಯ್, ಒಂದ್ ಮಾತ್ ಹೇಳ್ತೆ ಕೇಣಿ. ದೀಪಾವಳಿ ಕಳಿಲಿ. ಆಮೇಲೆ ನಾನ್ ಬುಟ್ಟಿ ಮೀನನ್ನೇ ಸಾರ್ ಮಾಡುದ್."

"ಅಬ್ಬೆ ಹೇಳದ್ದ್ ಮರ್ತ್ ಹೋಯ್ತಾ ನಿಂಗೆ?"

"ಮರ್ತ್ ಹೋಯ್ಲಿಲ್ಲ. ಅತ್ತೆ ಹೇಳುವತಿಗೆ ನಿಮ್ಮ ಕೈ ಸಮ ಇದ್ದಿತ್."

ಅದು ಚುಚ್ಚುಮಾತಾಗಿದ್ದರೆ ಮುತ್ತ ತಿರುಗಿ ಏನಾದರೂ ಅನ್ನುತ್ತಿದ್ದ. ಆದರೆ ಜಲಜಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮನೆಗೆ ತನ್ನ ಕೈಯ ಮೀನು ತರಲು ದೀಪಾವಳಿಯವರೆಗೆ ಮಾತ್ರ ಸಮಯ ಎಂಬುದಷ್ಟೇ ಅವನಿಗೆ ಅರ್ಥವಾಯಿತು.

ಮರುದಿನ ಸಂಜೆ ಅವನು ಹಳೆಯ ಜೆಟ್ಟಿಯ ಕಲ್ಲುಕಟ್ಟೆಗೆ ಹೋದ. ಅಳಿವೆಯ ನೀರು ಅಲ್ಲಿ ಕಲ್ಲುಗಳ ಸಂದಿಗೆ ನುಗ್ಗಿ ಸುತ್ತುವುದರಿಂದ ಸಣ್ಣಪುಟ್ಟ ಕೆಂಬೇರಿ ಇರುತ್ತಿದ್ದವು. ಕೆಂಬೇರಿ ಕಲ್ಲಿನ ಮೀನು; ಗಾಳ ಕಚ್ಚಿದರೆ ನೇರವಾಗಿ ಸಂದಿಗೇ ಓಡುತ್ತದೆ. ನೆರೆಮನೆಯ ದುಗ್ಗಪ್ಪ ಆಗಲೇ ಅಲ್ಲಿ ಕುಳಿತು ಕೈಗಾಳ ಹಾಕುತ್ತಿದ್ದ. ಕೈಗಾಳವೆಂದರೆ ದಾರದ ತುದಿಗೆ ಸೀಸದ ಗುಂಡು ಕಟ್ಟಿ, ತಲೆಯ ಮೇಲೆ ಗಿರಗಿರನೆ ತಿರುಗಿಸಿ ಎಸೆಯುವುದು. ಮುತ್ತನ ಬಲಗೈ ತಲೆಯ ಮೇಲೆ ಹೋಗದು. ಎಡಗೈಯಲ್ಲಿ ತಿರುಗಿಸಿದ. ಸೀಸ ಹೋಗಿ ದುಗ್ಗಪ್ಪನ ಬೆನ್ನ ಹಿಂದೆ ಬಿತ್ತು. ಗಾಳ ಅವನ ಲುಂಗಿಗೆ ಸಿಕ್ಕಿಕೊಂಡಿತು.

"ಹ್ವಾಯ್ ಮುತ್ತ," ದುಗ್ಗಪ್ಪ ಕದಲದೆ ಹೇಳಿದ, "ಮೀನ್ ಇಪ್ಪುದ್ ಹೊಳಿಯಂಗೆ ಮಾರಾಯ. ನನ್ನ ಲುಂಗಿಯಂಗೆ ಅಲ್ಲ."

ಗಂಡನ ಈ ಪಾಡನ್ನು ಜಲಜ ಹೆಮ್ಮಾಡಿಯಲ್ಲಿ ಅಣ್ಣಯ್ಯ ಶೆಟ್ಟರ ಮನೆಯ ಮೆಟ್ಟಿಲ ಮೇಲೆ ಕುಳಿತು ಹೇಳಿದ್ದಿರಬೇಕು. ಶೆಟ್ಟರು ಮುಂಬಯಿಯ ಕೋಟೆ ಪ್ರದೇಶದಲ್ಲಿ ಹೋಟೆಲು ನಡೆಸಿ, ಮಂಡಿ ಸವೆದ ಮೇಲೆ ಅದನ್ನು ತಮ್ಮನಿಗೆ ವಹಿಸಿ ಊರಿಗೆ ಬಂದವರು. ವಾರಕ್ಕೆರಡು ಸಲ ಜಲಜಳಿಂದ ಕಾಣೆ ಮೀನು ಕೊಳ್ಳುವರು. ಕೊಳ್ಳುವುದಕ್ಕಿಂತ ಮಾತಾಡುವುದೇ ಹೆಚ್ಚು. "ನಮ್ಮ ಅಟ್ಟದಂಗೆ ಗಾಳದ ಕೋಲ್ ಬಿದ್ಕಂಡಿತ್ತ್. ನಿನ್ನ ಗಂಡನ್ನ ಕಳ್ಸ್" ಎಂದರಂತೆ.

ಮುತ್ತ ಹೋದ. ಶೆಟ್ಟರು ಜಗಲಿಯ ಮೇಲೆ ಮೂರು ಉದ್ದನೆಯ ಬಟ್ಟೆಚೀಲಗಳನ್ನೂ ಒಂದು ಬಿಸ್ಕತ್ತಿನ ಡಬ್ಬಿಯನ್ನೂ ಹರಡಿಕೊಂಡು ಕುಳಿತಿದ್ದರು. ಚೀಲಗಳಲ್ಲಿ ತುಂಡುತುಂಡಾಗಿ ಬಿಚ್ಚಿಟ್ಟ ಕೋಲುಗಳು. ಡಬ್ಬಿಯಲ್ಲಿ ದಾರ ಸುತ್ತುವ ರೀಲುಗಳು, ಗರಿ ಕಟ್ಟಿದ ಪುಟ್ಟ ಗಾಳಗಳು, ಸುರುಳಿ ಸುತ್ತಿದ ಬಣ್ಣದ ದಾರಗಳು.

"ಇದೆಲ್ಲ ಒಬ್ಬ ಬಾವಾಜಿದ್," ಶೆಟ್ಟರು ಹೇಳಿದರು. ಮುಂಬಯಿಯಲ್ಲಿ ಪಾರ್ಸಿಗಳನ್ನು ಹಾಗೆ ಕರೆಯುತ್ತಾರೆ. "ದಿನಾ ನಮ್ಮ ಹೋಟ್ಲಿಗೆ ಬಂದ್ ಮೂಲಿ ಟೇಬಲ್ಲಂಗೆ ಕೂಕಂಡ್ ಒಂದ್ ಕಾಫಿ ಕುಡೀತಿದ್ದ. ವರ್ಷಕ್ಕೊಂದ್ಸಲ ಕಾಶ್ಮೀರಕ್ಕೆ ಹೋಯಿ ಮೀನ್ ಹಿಡುದ್. ಹಿಡ್ದದ್ದನ್ನ ಮತ್ತೆ ನೀರಿಗೇ ಬಿಡುದ್ ಅಂಬ್ರ್."

"ಬಿಡುದಾ? ಹಾಂಗಾರೆ ಹಿಡುದ್ ಎಂತಕ್ಕೆ ಶೆಟ್ರೇ?"

"ನಾನೂ ಅದನ್ನೇ ಕೇಂಡೆ. ನಗಾಡ್ದ. ಪ್ರಾಯ ಆಯಿ ಹೋಪುಕೆ ಆಗ್ದೆ ಇಪ್ಪತಿಗೆ ಎಲ್ಲ ತಂದ್ ನನ್ನ ಗಲ್ಲಾದ ಮೇಲೆ ಇಟ್ಟ. ನಾನ್ ಜನ್ಮದಂಗೆ ಗಾಳ ಹಾಕ್ದವ ಅಲ್ಲ. ಕಡಲ ಬದಿ ಊರಿನವ ಅಂದೇಳಿ ನಂಗೆ ಕೊಟ್ಟದ್."

ಮುತ್ತ ಕೋಲುಗಳನ್ನು ಜೋಡಿಸಿ ನೋಡಿದ. ಒಂದು ಸಪೂರ, ಗಾಳಿ ಬಂದರೂ ನಡುಗುವಂಥದು. ಒಂದು ದಪ್ಪ, ಇವನ ಕೈಗೆ ಹೇಳಿದ್ದಲ್ಲ. ಇನ್ನೊಂದು ಇವೆರಡರ ನಡುವಿನದು. ಕೈ ನೋಯುವವನು ಹಗುರದ್ದನ್ನೇ ಆರಿಸುವುದು ಸಹಜ. ಅವನು ಸಪೂರದ ಕೋಲನ್ನು ತೆಗೆದುಕೊಂಡ. ರೀಲುಗಳಲ್ಲಿಯೂ ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿದ. ದಾರಗಳನ್ನು ಮಾತ್ರ ಮೂಸಿ, ಮುಟ್ಟಿ, ಬದಿಗಿಟ್ಟ. ಹಸುರು ಬಣ್ಣದ, ಶ್ಯಾವಿಗೆಯಷ್ಟು ದಪ್ಪನಾದ, ನುಣುಪಾದ ದಾರ.

"ಇದೆಂತ, ಬಟ್ಟಿ ಒಣಗ್ಸು ಹಗ್ಗವಾ? ಇದನ್ನ ಕಂಡ್ರೆ ಮೀನ್ ಭಟ್ಕಳಕ್ಕೆ ಓಡತ್ತ್."

"ಮೂರಕ್ಕೂ ಒಂದೇ ನಂಬ್ರ ಇರ್ಕ್ ಅಂದೇಳಿ ಬಾವಾಜಿ ಹೇಳ್ತಿದ್ದ, ಕಾಣ್. ಕೋಲು, ರೀಲು, ದಾರ. ಚಪ್ಲಿ ಹಾಂಗೆ, ಜೋಡಿ ತಪ್ರೆ ನಡುಕೆ ಆತಿಲ್ಲ ಅಂಬ."

"ದಾರಕ್ಕೆಂತ ನಂಬ್ರ ಶೆಟ್ರೇ. ಸಪೂರ ಇರ್ಕ್, ಗಟ್ಟಿ ಇರ್ಕ್. ಅಷ್ಟೇ."

ಶೆಟ್ಟರು ವಾದಿಸಲಿಲ್ಲ. ಬಲೆಯವನೆದುರು ಹೋಟೆಲಿನವರು ದಾರದ ವಿಷಯದಲ್ಲಿ ಏನು ವಾದಿಸಿಯಾರು? ಹುಟ್ಟಿದಂದಿನಿಂದ ಮುತ್ತ ಕಲಿತದ್ದು ಅದೇ. ಒಳ್ಳೆಯ ಬಲೆಯ ದಾರ ಕಣ್ಣಿಗೆ ಕಾಣಬಾರದು, ಕೈಯಲ್ಲಿ ತುಂಡಾಗಬಾರದು. ದಪ್ಪ ದಾರ ಬಡವನ ದಾರ.

ಅವನು ಬಂದರಿನ ಲೀಲಾಧರನ ಅಂಗಡಿಗೆ ಹೋಗಿ ಸಪೂರವಾದ ಗಟ್ಟಿ ನೈಲಾನು ದಾರವನ್ನು ಆರಿಸಿ ರೀಲಿನ ತುಂಬ ಸುತ್ತಿಸಿದ. ಲೀಲಾಧರ ಕೋಲನ್ನು ತಿರುಗಿಸಿ ನೋಡಿ, "ಚಂದ ಇತ್ತ್ ಮಾರಾಯ. ಆದ್ರೆ ಇದ್ ಮೀನ್ ಹಿಡುಕಾ, ಶೋಕೇಸಿನಂಗೆ ಇಡುಕಾ?" ಎಂದು ಕೇಳಿದ.

ಸಂಜೆ ಕಲ್ಲುಕಟ್ಟೆಯ ಮೇಲೆ ನಿಂತು ಕೋಲು ಬೀಸಿದಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೋಲು ಸುಂಯ್ ಎಂದಿತು. ಶೆಟ್ಟರ ಡಬ್ಬಿಯಿಂದ ತಂದಿದ್ದ ಗರಿಯ ಗಾಳ ಮುತ್ತನ ಕಾಲಿನ ಹೆಬ್ಬೆರಳಿನ ಪಕ್ಕದಲ್ಲಿ ಬಿತ್ತು. ಮತ್ತೆ ಬೀಸಿದ. ಮತ್ತೆ ಅಲ್ಲೇ. ಹೊರಟ ಗಾಳವನ್ನು ಮುಂದಕ್ಕೆ ಒಯ್ಯುವಂಥದು ಆ ದಾರದಲ್ಲಿ ಏನೂ ಇರಲಿಲ್ಲ. ಜೇಡನ ಎಳೆಯನ್ನು ಗಾಳಿಗೆ ಎದುರಾಗಿ ಎಸೆದಂತಾಗುತ್ತಿತ್ತು.

"ಎಂತ, ನುಸಿ ಓಡಿಸ್ತಾ ಇದ್ಯಾ?" ದುಗ್ಗಪ್ಪ ಕೇಳಿದ.

ಹಲವು ಸಂಜೆಗಳು ಹೀಗೆಯೇ ಹೋದವು. ಹಗಲೆಲ್ಲ ಬಲೆ ಹೆಣೆದು ಬೆರಳು ಮರಗಟ್ಟಿರುತ್ತಿತ್ತು. ಸಂಜೆ ಬೀಸಿ ಬೀಸಿ ಮುಂಗೈ ಸೋಲುತ್ತಿತ್ತು. ದೀಪಾವಳಿ ಹತ್ತಿರವಾಗುತ್ತಿತ್ತು. ಒಂದು ದಿನ ಸಹನೆ ತಪ್ಪಿ, ದಾರದ ತುದಿಗೆ ಕೈಗಾಳದ ಸೀಸದ ಗುಂಡನ್ನೇ ಕಟ್ಟಿ ಬಲವಾಗಿ ಬೀಸಿದ. ತೆಂಗಿನ ಹಿಡಿಕಡ್ಡಿ ಮುರಿದಂಥ ಸದ್ದು. ಕೋಲಿನ ತುದಿ ಮುರಿದು ನೇತಾಡಿತು. ದುಗ್ಗಪ್ಪ ಈ ಸಲ ಏನೂ ಅನ್ನಲಿಲ್ಲ. ತನ್ನ ದಾರವನ್ನು ನೋಡುತ್ತ ಕುಳಿತ. ಆ ಮೌನ ಮುತ್ತನಿಗೆ ತಮಾಷೆಗಿಂತ ಹೆಚ್ಚು ನೋವು ಕೊಟ್ಟಿತು.

ಪರರ ವಸ್ತು ಮುರಿದವನು ಮುಖ ತಪ್ಪಿಸಿಕೊಂಡು ತಿರುಗಬಾರದು. ಅವನು ಮಾರನೆಯ ದಿನವೇ ಹೆಮ್ಮಾಡಿಗೆ ಹೋಗಿ ಮುರಿದ ಕೋಲನ್ನು ಶೆಟ್ಟರ ಮುಂದಿಟ್ಟ.

"ಮುರಿತಾ?" ಶೆಟ್ಟರು ಕೇಳಿದರು. "ಹೋಯ್ಲಿ. ಅಟ್ಟದಂಗೆ ಇದ್ದಿದ್ರೆ ಇಲಿ ತಿಂತಿತ್."

"ಸಾಕ್ ಶೆಟ್ರೇ. ನಂಗೆ ಇದ್ ಆಪುದಲ್ಲ. ಜಲಜ ಬುಟ್ಟಿದೇ ಸಾರ್ ಮಾಡ್ಲಿ. ತಿಂದ್ಕಂಡ್ ಬಿದ್ಕಂತೆ."

"ಕೂಕೊ. ಕಾಫಿ ಕುಡಿ. ಸೋತವ ಕಾಫಿ ಕುಡಿಬಾರ್ದ್ ಅಂದೇಳಿ ಎಲ್ಲೂ ಇಲ್ಲೆ."

ಕಾಫಿ ಬರುವವರೆಗೆ ಮುತ್ತನ ಕೈ ಸುಮ್ಮನಿರಲಿಲ್ಲ. ಜೀವಮಾನವಿಡೀ ಹಗ್ಗ ಹಿಡಿದ ಕೈ. ಡಬ್ಬಿಯ ಹಸುರು ದಾರವನ್ನು ತೆಗೆದು, ಬೋಟಿನ ಹಗ್ಗ ಸುತ್ತುವಂತೆ ಸುರುಳಿ ಸುತ್ತತೊಡಗಿತು. ಆಗ ಅವನಿಗೆ ತಿಳಿಯಿತು: ಈ ದಾರ ಉದ್ದಕ್ಕೂ ಒಂದೇ ಸಮ ಇಲ್ಲ. ಹಿಂದೆ ಸಪೂರ, ಮುಂದೆ ಬರುತ್ತ ದಪ್ಪ, ಕಟ್ಟಕಡೆಗೆ ಮತ್ತೆ ಸಪೂರ. ಮುಂದಿನ ಭಾಗದಲ್ಲಿ ತೂಕವಿದೆ. ಅವನು ಎದ್ದು ಅಂಗಳಕ್ಕಿಳಿದು, ಸುರುಳಿಯನ್ನು ಎಡಗೈಯಿಂದ ಕೆಳಗಿನಿಂದಲೇ ಬೀಸಿ ಎಸೆದ. ದಾರ ಬಿಚ್ಚಿಕೊಳ್ಳುತ್ತ ಹೋಗಿ ತುಳಸಿಕಟ್ಟೆಯ ಆಚೆ ಬಿತ್ತು.

"ಶೆಟ್ರೇ, ಬೋಟ್ ಧಕ್ಕೆಗೆ ಬಪ್ಪತಿಗೆ ನಾವ್ ಹಗ್ಗ ಬಿಸಾಡ್ತಲ್ದಾ. ಅದ್ಕೆ ಯಾರಾರೂ ಕಲ್ಲ್ ಕಟ್ತ್ರಾ?"

"ನಂಗೆಂತ ಗೊತ್ತಿತ್ತ್."

"ಕಟ್ಟುದಿಲ್ಲ. ಹಗ್ಗವೇ ಭಾರ ಇರತ್ತ್, ಅದ್ಕೇ ಹೋತ್. ಇದೂ ಹಾಂಗೆ. ಇದ್ರಂಗೆ ದಾರವೇ ಸೀಸ. ನಾನ್ ಸೀಸ ತೆಗ್ದ್ ಮೂಲಿಗೆ ಹಾಕಿ ಬರೀ ಕೋಲ್ ಬೀಸ್ದೆ."

ಶೆಟ್ಟರು ಕನ್ನಡಕ ಹಾಕಿಕೊಂಡು ಬಂದರು. ನಡುವಿನ ಕೋಲಿನ ಹಿಡಿಯ ಮೇಲ್ಗಡೆ ಮಾಸಿದ ಅಕ್ಷರದಲ್ಲಿ ಎಂಟು ಎಂದಿತ್ತು. ಹಸುರು ದಾರಕ್ಕೆ ಬಾವಾಜಿ ನೂಲಿನಿಂದ ಕಟ್ಟಿದ್ದ ಚೀಟಿಯಲ್ಲಿಯೂ ಎಂಟು. ಮುರಿದ ಕೋಲಿನ ಮೇಲೆ ಇದ್ದದ್ದು ಐದು. ನಂಬರೆಂದರೆ ಬೇರೇನಲ್ಲ, ಇಷ್ಟು ತೂಕದ ದಾರವನ್ನು ಈ ಕೋಲು ಬೀಸಬಲ್ಲದು ಎಂಬ ಗುರುತು. ಅದು ಆವತ್ತು ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು.

"ಬಾವಾಜಿ ಹತ್ತ್ ವರ್ಷ ಹೇಳ್ದ," ಶೆಟ್ಟರು ನಿಟ್ಟುಸಿರಿಟ್ಟರು. "ನಾನ್ ಹತ್ತ್ ವರ್ಷ ಹೂಂ ಅಂದೆ."

ಉಳಿದದ್ದು ರೀಲು. ಚಿಕ್ಕ ರೀಲಿಗೆ ದಪ್ಪ ದಾರ ಹಿಡಿಸಲಿಲ್ಲ, ಉಬ್ಬಿ ಸಿಕ್ಕಿಬಿದ್ದಿತು. ದೊಡ್ಡ ಕಪ್ಪು ರೀಲು ಕೈಗೆತ್ತಿಕೊಂಡರೆ ಭಾರ. ಮುತ್ತ ಹಿಂದೆಗೆದ. ಆದರೂ ಹಾಕಿ ನೋಡೋಣವೆಂದು ಕೋಲಿಗೆ ಕೂಡಿಸಿ, ಹಿಡಿಯನ್ನು ಒಂದೇ ಬೆರಳಿನ ಮೇಲಿಟ್ಟ. ಚಿಕ್ಕ ರೀಲಿದ್ದಾಗ ಕೋಲಿನ ತುದಿ ನೆಲಕ್ಕೆ ಬಾಗುತ್ತಿತ್ತು. ಅದನ್ನು ಎತ್ತಿ ಹಿಡಿಯುವ ಕೆಲಸವೆಲ್ಲ ಮಣಿಕಟ್ಟಿನದು. ದೊಡ್ಡ ರೀಲು ಹಿಂದಿನಿಂದ ಜಗ್ಗಿದಾಗ ಕೋಲು ತಕ್ಕಡಿಯ ದಂಡಿಯಂತೆ ನೆಟ್ಟಗೆ ನಿಂತಿತು. ಒಟ್ಟು ತೂಕ ಹೆಚ್ಚಾಗಿದ್ದರೂ ನೋಯುವ ತೋಳಿಗೆ ಅದೇ ಹಗುರವೆನಿಸಿತು.

ಬಾವಾಜಿ ಬಲಗೈಯಲ್ಲಿ ಸುತ್ತುವವನಾಗಿದ್ದ; ಕೋಲನ್ನು ಬಲಗೈಯಲ್ಲಿ ಹಿಡಿಯುವ ಮುತ್ತ ಎಡಗೈಯಲ್ಲಿ ಸುತ್ತಬೇಕು. ರೀಲನ್ನು ತಿರುಗಿಸಿ ದಾರವನ್ನು ಮೊದಲಿನಿಂದ ಸುತ್ತಬೇಕಾಯಿತು. ಅಂಗಳದಲ್ಲಿ ಹರಡಿದ ದಾರ ಶೆಟ್ಟರ ಕಾಲಿಗೆ ತೊಡರಿತು.

"ಹೆದ್ರಬೇಡಿ ಶೆಟ್ರೇ, ದೊಡ್ಡ ಮೀನ್ ಆದ್ರೆ ನಾನ್ ಬಿಟ್ಟ್ಬಿಡ್ತೆ," ಎಂದ ಮುತ್ತ. ಬಹಳ ದಿನಗಳ ಮೇಲೆ ಅವನು ಆಡಿದ ತಮಾಷೆಯ ಮಾತು ಅದು.

ಲೀಲಾಧರನ ಅಂಗಡಿಯ ನೈಲಾನು ದಾರವೂ ವ್ಯರ್ಥವಾಗಲಿಲ್ಲ. ದಪ್ಪ ದಾರದ ತುದಿಗೆ ಅದರ ಒಂದೂವರೆ ಮಾರು ಕಟ್ಟಿ, ಅದಕ್ಕೆ ಗಾಳ ಕಟ್ಟಿದ. ಮೀನಿಗೆ ಹತ್ತಿರ ಬರುವಷ್ಟು ಭಾಗ ಮೀನಿನ ಕಣ್ಣಿಗೆ ಕಾಣಬಾರದು. ಅಷ್ಟರಮಟ್ಟಿಗೆ ಅವನು ಮೊದಲು ಹೇಳಿದ್ದೂ ಸರಿಯೇ. ಡಬ್ಬಿಯ ಗಾಳಗಳು ತುಕ್ಕು ಹಿಡಿದಿದ್ದವು. ಹೊಸ ಗಾಳಕ್ಕೆ ಹುಂಜದ ಬಿಳಿ ಗರಿಯನ್ನು ಬಲೆಯ ನೂಲಿನಿಂದ ಸುತ್ತಿದ.

ದೀಪಾವಳಿ ಬಂತು, ಹೋಯಿತು. ಆದರೂ ಜಲಜ ಇನ್ನೂ ಕೆಲವು ದಿನ ಬಸಳೆಯನ್ನೇ ಹೆಚ್ಚಿದಳು. ಮುತ್ತ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಮುಂಗೈಯನ್ನು ಮಾತ್ರ ಆಡಿಸುವುದನ್ನು ಕಲಿಯುತ್ತಿದ್ದ. ಹಿಂದಕ್ಕೆ ಬೀಸಿ ದಾರ ನೆಟ್ಟಗಾಗುವವರೆಗೆ ಕಾಯಬೇಕು. ಕಾಯದೆ ಮುಂದಕ್ಕೆ ಬೀಸಿದರೆ ಗಂಟು. ಭುಜ ಏಳಬೇಕಾಗಿರಲಿಲ್ಲ. ಆದರೂ ಸಂಜೆಯ ಹೊತ್ತಿಗೆ ನೋವು ಕುತ್ತಿಗೆಯವರೆಗೆ ಏರುತ್ತಿತ್ತು. ದಾರ ಈಗ ನೀರಿನ ಮೇಲೆ ದೂರ ಹೋಗಿ ಬೀಳುತ್ತಿತ್ತು. ಮೀನು ಮಾತ್ರ ಬರಲಿಲ್ಲ.

ಒಂದು ಸಂಜೆ ಉಬ್ಬರದ ನೀರು ಏರತೊಡಗಿದಾಗ, ಕಲ್ಲಿನ ಮಗ್ಗುಲಲ್ಲಿ ಬಿಳಿ ಗರಿ ಮುಳುಗುತ್ತಿದ್ದಂತೆ ಕೋಲು ಬಿಲ್ಲಾಯಿತು. ಕೈಗಾಳದ ಅಭ್ಯಾಸದಂತೆ ಮುತ್ತ ದಾರವನ್ನು ಕೈಗೆ ಸುತ್ತಿಕೊಂಡು ಎಳೆಯಹೊರಟ.

"ಎಳಿಬೇಡ, ಎಳಿಬೇಡ," ದುಗ್ಗಪ್ಪ ಎದ್ದು ಬಂದು ಹೇಳಿದ. "ಕೋಲ್ ಬಗ್ಲಿ. ಅದ್ಕೆ ಕೆಲ್ಸ ಕೊಡ್. ಕಲ್ಲಿನ್ ಬದಿಗೆ ಮಾತ್ರ ಬಿಡಬೇಡ."

ಮುತ್ತ ಕೈ ಸಡಿಲಿಸಿದ. ರೀಲು ಕಿರುಗುಟ್ಟಿತು. ಮೀನು ಓಡಿತು, ನಿಂತಿತು, ಮತ್ತೆ ಓಡಿತು. ಭುಜದೊಳಗೆ ಯಾರೋ ಮೊಳೆ ಹೊಡೆದಂತಾಗುತ್ತಿತ್ತು. ಕೊನೆಗೆ ದುಗ್ಗಪ್ಪ ಮೊಣಕಾಲುದ್ದ ನೀರಿಗಿಳಿದು ಕಿವಿರಿಗೆ ಬೆರಳು ಹಾಕಿ ಎತ್ತಿದ. ಒಂದು ಗೇಣಿನ ಕೆಂಬೇರಿ.

"ಒಂದ್ ಹೊತ್ತಿಗೆ ಸಾಕ್," ಎಂದ ದುಗ್ಗಪ್ಪ.

ಮನೆಯ ಅಂಗಳಕ್ಕೆ ಕಾಲಿಡುವಾಗಲೇ ಮುತ್ತನಿಗೆ ಪರಿಮಳ ಬಂತು. ಕೊತ್ತಂಬರಿ, ಮೆಣಸು, ಹುಳಿ; ಅದರೊಳಗೆ ಬಂಗುಡೆ. ಅವನು ಬಾಗಿಲಲ್ಲಿ ನಿಂತ. ಜಲಜ ಒಲೆಯ ಮುಂದೆ ಕುಳಿತಿದ್ದಳು, ತಿರುಗಿ ನೋಡಲಿಲ್ಲ.

"ಮಾಡಿಯೇ ಬಿಟ್ಯಾ?"

"ಮಾಡ್ದೆ. ಎರಡ್ ಬಂಗುಡೆ ಉಳ್ದಿತ್. ಹೆಮ್ಮಾಡಿಯಿಂದ ವಾಪಾಸ್ ಹೊತ್ಕಂಡ್ ಬಪ್ಪತಿಗೆ ಕುತ್ಗಿ ಮುರ್ದ್ ಹೋಯ್ತ್. ಬಸಳೆ ಕೊಯ್ಕ್ ಅಂದೇಳಿ ಹಿತ್ಲಿಗೆ ಹೋದೆ. ಕೈ ಏಳ್ಲಿಲ್ಲ."

ಬೈಯಬಹುದಿತ್ತು. ತಾಯಿಯ ಹೆಸರು ಎತ್ತಬಹುದಿತ್ತು. ಕೈ ಏಳಲಿಲ್ಲವೆಂಬ ಮಾತನ್ನು ಆ ಮನೆಯಲ್ಲಿ ಈವರೆಗೆ ಹೇಳುತ್ತಿದ್ದವನು ತಾನೊಬ್ಬನೇ ಎಂಬುದು ಮುತ್ತನಿಗೆ ಆಗ ಹೊಳೆಯಿತು. ಅವನು ತೊಟ್ಟೆಯನ್ನು ಆಕೆಯ ಪಕ್ಕದಲ್ಲಿಟ್ಟ.

ಜಲಜ ಬಿಚ್ಚಿ ನೋಡಿದಳು. "ಕೆಂಬೇರಿಯಾ? ನೀವ್ ಹಿಡ್ದದ್ದಾ?"

"ಹೂಂ. ದುಗ್ಗಪ್ಪ ಎತ್ತದ್ದ್."

ಆಕೆ ಮೀನನ್ನು ಕತ್ತಿಗೆ ಒಡ್ಡಿ ಹುರುಪೆ ತೆಗೆದು, ತುಂಡು ಮಾಡಿ, ತೊಳೆದು ತಂದಳು. ಬೇರೆ ಮಡಕೆ ಇಡುವಳೋ ಎಂದು ಮುತ್ತ ನೋಡುತ್ತಿದ್ದ. ಆಕೆ ಕುದಿಯುತ್ತಿದ್ದ ಸಾರಿನ ಮಡಕೆಯ ಮುಚ್ಚಳ ತೆಗೆದು, ಒಂದು ಗಳಿಗೆ ತಡೆದು, ಗಂಡನ ಮುಖ ನೋಡಿದಳು. ಅವನು ಬೇಡವೆನ್ನಲಿಲ್ಲ. ಕೆಂಬೇರಿಯ ತುಂಡುಗಳು ಬಂಗುಡೆಯ ಸಾರಿಗೇ ಇಳಿದವು.

ಊಟಕ್ಕೆ ಕುಳಿತಾಗ ಆಕೆ ಕೆಂಬೇರಿಯ ತುಂಡನ್ನು ಅವನ ಬಟ್ಟಲಿಗೆ ಹಾಕಹೋದಳು. ಅವನು ಎಡಗೈ ಅಡ್ಡ ಹಿಡಿದ.

"ಅದನ್ನ ನೀ ತಿನ್ನ್. ನಂಗೆ ಬಂಗುಡೆ ಹಾಕ್."

ಒಂದು ತುತ್ತು ತಿಂದು, "ಉಪ್ಪ್ ಸಮ ಇತ್ತ್" ಎಂದ. ಆಕೆ ಕೆಂಬೇರಿಯ ಮುಳ್ಳು ಬಿಡಿಸುತ್ತ, "ನಿಮ್ದೂ ಲಾಯ್ಕ್ ಇತ್ತ್" ಎಂದಳು.

ಬೆಳಗ್ಗೆ ಮುತ್ತನ ಭುಜ ಊದಿಕೊಂಡಿತ್ತು. ಅವನು ಚಾಪೆ ಬಿಟ್ಟು ಏಳಲಿಲ್ಲ. ಜಲಜ ತಲೆಗೆ ಸಿಂಬಿ ಇಟ್ಟುಕೊಂಡು ಬುಟ್ಟಿ ಎತ್ತಿದವಳು, ಬಾಗಿಲಲ್ಲಿ ನಿಂತು ಕೇಳಿದಳು. ಮದುವೆಯಾಗಿ ಬಂದ ಮೇಲೆ ಆಕೆ ಈ ಮಾತು ಕೇಳಿದ್ದು ಅದೇ ಮೊದಲು.

"ಹ್ವಾಯ್, ಇವತ್ತ್ ಸಾರಿಗೆ ಯಾವ್ದ್ ಮೀನ್ ತರ್ಕ್?"

ಮುತ್ತ ಮಲಗಿದಲ್ಲಿಂದಲೇ ತಲೆ ಎತ್ತಿದ.

"ಬೈಗಿ ಸಿಕ್ರೆ ಬೈಗಿ," ಎಂದು ಹೇಳಿ, ನೋಯದ ಮಗ್ಗುಲಿಗೆ ಹೊರಳಿ ಮತ್ತೆ ಕಣ್ಣು ಮುಚ್ಚಿದ.